ಸೂಲಗಿತ್ತಿಯ ಮುಖ

ಒತಿಲಿಯಾ ಬೆಡ್ನಾಜ್ ಮತ್ತು ನಾನು ಇಪ್ಪತ್ತಾರು ವರ್ಷ ಒಂದೇ ಉದ್ದನೆಯ ಮೇಜಿನ ಎರಡು ತುದಿಗಳಲ್ಲಿ ಕೂತು ಕೆಲಸ ಮಾಡಿದವರು. ಗಾಜು ಅವಳದು, ಸೀಸ ನನ್ನದು. ನಮ್ಮೂರು ಜಾವಿಶ್ಲೆಯ ಕೆಥೆಡ್ರಲಿನ ಕಿಟಕಿಗಳಿಂದ ಇಳಿಸಿ ತಂದ ಬಣ್ಣದ ಗಾಜುಗಳನ್ನು ಅವಳು ಬಿಡಿಬಿಡಿಯಾಗಿ ತೊಳೆದು, ಒಡೆದದ್ದನ್ನು ಅಂಟಿಸಿ ನನ್ನ ಕಡೆಗೆ ಸರಿಸುತ್ತಿದ್ದಳು. ನಾನು ಅವನ್ನು ಸೀಸದ ಪಟ್ಟಿಗಳಲ್ಲಿ ಕೂರಿಸಿ, ಬೆಸುಗೆ ಹಾಕಿ, ಮತ್ತೆ ಚಿತ್ರವಾಗಿ ಜೋಡಿಸುತ್ತಿದ್ದೆ. ಆರುನೂರು ವರ್ಷದ ಹಿಂದೆ ಯಾರೋ ಮಾಡಿಟ್ಟ ಕೆಲಸ ಅದು. ನಾವು ಅದರ ಆಯಸ್ಸಿಗೆ ಇನ್ನಷ್ಟು ಸೇರಿಸುವವರು, ಅಷ್ಟೇ.

ನಾನು ಕಾರ್ಯಾಗಾರಕ್ಕೆ ಸೇರಿದ್ದು ಎಪ್ಪತ್ತಮೂರರಲ್ಲಿ, ಛಾವಣಿಗಳಿಗೆ ಸೀಸದ ತಗಡು ಹೊದಿಸುವ ಕೆಲಸ ಬಿಟ್ಟು. ಆಗ ನನಗೆ ಮೂವತ್ತು, ಅವಳಿಗೆ ಮೂವತ್ತೈದು. ಮೊದಲ ದಿನವೇ ನನ್ನ ಕೈಗಳನ್ನು ಹಿಡಿದು ತಿರುಗಿಸಿ ನೋಡಿದಳು.

"ಈ ಕೈಲಿ ಇಷ್ಟು ದಿನ ಏನು ಮಾಡ್ತಿದ್ದೆ? ಗೂಳಿ ಕಟ್ತಿದ್ಯಾ?"

"ಛಾವಣಿ ಹೊದಿಸ್ತಿದ್ದೆ, ಪಾನಿ ಒತಿಲಿಯಾ." ನಮ್ಮಲ್ಲಿ ಮರ್ಯಾದೆಗೆ ಹೆಂಗಸರನ್ನು ಪಾನಿ, ಗಂಡಸರನ್ನು ಪಾನ್ ಎಂದು ಕರೆಯುವುದು.

"ಛಾವಣಿ ತಡ್ಕೊಂಡಿದೆ, ಪಾಪ. ಇದು ತಡ್ಕೊಳ್ಳಲ್ಲ ಕಣಪ್ಪಾ ಕ್ಲೆಮೆನ್ಸ್. ಇದರ ಹತ್ರ ಜೋರಾಗಿ ಸೀನಬೇಡ. ಸಿಟ್ಟು ಬಂದ್ರೆ ಹೊರಗೆ ಹೋಗಿ ಗೋಡೆಗೆ ಒದ್ದು ಬಾ."

ಕುಳ್ಳಗೆ, ಗಟ್ಟಿಮುಟ್ಟಾಗಿದ್ದ ಹೆಂಗಸು. ಗಂಡ ವಿಸ್ತುಲಾ ನದಿಯಲ್ಲಿ ದೋಣಿ ದಾಟಿಸುತ್ತಿದ್ದವನು. ಮದುವೆಯಾದ ಆರನೆಯ ವರ್ಷಕ್ಕೆ ಎದೆಗೆ ನೆಗಡಿ ಇಳಿದು ತೀರಿಕೊಂಡಿದ್ದ. ಮಕ್ಕಳಿರಲಿಲ್ಲ. ಚರ್ಮ ಹದಮಾಡುವವರ ಬೀದಿಯಲ್ಲಿ ಎರಡು ಕೋಣೆಯ ಮನೆಯಲ್ಲಿ ಒಬ್ಬಳೇ ಇದ್ದಳು. ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಕಪ್ಪು ರೊಟ್ಟಿ, ಉಪ್ಪಿಗೆ ಹಾಕಿದ ಸೌತೆಕಾಯಿ ಬಿಚ್ಚುತ್ತಿದ್ದಳು. ಅರ್ಧ ಸೌತೆಕಾಯಿ ಕೇಳದೆಯೇ ನನ್ನ ತುದಿಗೆ ಬರುತ್ತಿತ್ತು. ಕೆಲಸದಲ್ಲಿ ಮಾತ್ರ ಅವಳಷ್ಟು ಕಟ್ಟುನಿಟ್ಟಿನವರನ್ನು ನಾನು ಕಂಡಿಲ್ಲ. ಯಾವ ತುಂಡನ್ನು ಎಷ್ಟು ಹೊತ್ತು ಯಾವುದರಲ್ಲಿ ತೊಳೆದೆ, ಎಲ್ಲಿ ಮುಟ್ಟಿದೆ, ಎಲ್ಲಿ ಮುಟ್ಟದೆ ಬಿಟ್ಟೆ, ಎಲ್ಲವನ್ನೂ ನೋಟುಪುಸ್ತಕದಲ್ಲಿ ಬರೆಯುತ್ತಿದ್ದಳು. ಗಾಜು ದ್ರಾವಣದಲ್ಲಿರುವಾಗ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಒಮ್ಮೆ ಪಕ್ಕದ ಕಟ್ಟಡದ ಹೊಗೆಗೂಡಿಗೆ ಬೆಂಕಿ ಬಿದ್ದು ಎಲ್ಲರೂ ಅಂಗಳಕ್ಕೆ ಓಡಿದಾಗಲೂ ತಟ್ಟೆಯನ್ನು ಎದೆಗೊತ್ತಿಕೊಂಡು ಕೊನೆಯವಳಾಗಿ ಬಂದವಳು ಅವಳು. "ಸುಟ್ಟುಹೋಗ್ತಿದ್ದೆಯಲ್ಲಮ್ಮಾ!" ಎಂದು ನಮ್ಮ ಯಜಮಾನ ಪಾನ್ ಹಿಲಾರಿ ವೊಯ್ಟಾಸ್ ಬೈದರು. ಅವಳು ಅವರನ್ನು ಒಂದು ಥರಾ ನೋಡಿದಳು. ಆ ನೋಟದ ಅರ್ಥ ನನಗೆ ತಿಳಿಯಲು ಎಷ್ಟೋ ವರ್ಷ ಬೇಕಾಯಿತು.

ನಾನು ಸೇರಿದ ವಸಂತದಲ್ಲೇ ಉತ್ತರದ ಗೋಡೆಯ ಕ್ರಿಸ್ತಜನನದ ಕಿಟಕಿ ತೊಳೆದಾಗಿ ಮೇಲೇರಿತು. ಅದಕ್ಕೂ ಮುಂಚೆ ಅದು ಕಿಟಕಿಯೆಂದು ಹೇಳಿದರೆ ನಂಬಬೇಕಿತ್ತು. ಹೊಗೆ, ಧೂಳು, ತೇವ ಸೇರಿ ಗಾಜಿನ ಮೇಲೆ ತೊಗಟೆ ಬೆಳೆದು, ಗೋಡೆಯಲ್ಲೊಂದು ಕಪ್ಪು ಹಲಗೆಯಂತಿತ್ತು. ನಮ್ಮ ಅಜ್ಜಂದಿರೂ ಅದರಲ್ಲಿ ಏನಿದೆ ಎಂದು ಕಂಡವರಲ್ಲ. ಈಗ ಹಾಸಿಗೆಯ ಮೇಲೆ ಒರಗಿದ ಮರಿಯಮ್ಮ, ಗದ್ದಕ್ಕೆ ಕೈಕೊಟ್ಟ ಜೋಸೆಫ್, ಎಲ್ಲರೂ ಹೊರಗೆ ಬಂದರು. ಕೆಳಗಿನ ಮೂಲೆಯಲ್ಲಿ ಅಂಗಿಯ ತೋಳು ಮೇಲಕ್ಕೆ ಮಡಿಸಿಕೊಂಡ ಒಬ್ಬ ಸೂಲಗಿತ್ತಿ. ಒಂದು ಕೈಯಲ್ಲಿ ಮಗು, ಇನ್ನೊಂದು ಕೈ ನೀರಿನ ತೊಟ್ಟಿಯಲ್ಲಿ, ಬಿಸಿ ಹದವಾಗಿದೆಯೇ ಎಂದು ನೋಡುತ್ತ. ಅವಳ ಮುಖದಲ್ಲಿ ಒಂದು ಸಣ್ಣ ನಗು. ತುಟಿ ಬಿರಿದ ನಗುವಲ್ಲ. ನೀರು ಸರಿಯಾಗಿದೆ, ಮಗು ಸರಿಯಾಗಿದೆ, ಇನ್ನು ಭಯವಿಲ್ಲ ಎಂಬಂಥ ನಗು.

ಊರ ಹೆಂಗಸರು ಆ ನಗುವಿಗೆ ಮರುಳಾದರು. ಶುರುಮಾಡಿದವಳು ಬೇಕರಿಯ ಗೆನೊವೆಫಾ. ಮೂರು ಬಸಿರು ನಿಲ್ಲದೆ ಹೋಗಿ, ನಾಲ್ಕನೆಯದರಲ್ಲಿ ಅವಳು ದಿನವೂ ಬೆಳಿಗ್ಗೆ ಹಿಟ್ಟಿನ ಕೈಯಲ್ಲೇ ಬಂದು ಆ ಕಿಟಕಿಯ ಕೆಳಗೆ ನಿಂತು ಸೂಲಗಿತ್ತಿಯ ಹತ್ತಿರ ಮಾತಾಡುತ್ತಿದ್ದಳು. ಪ್ರಾರ್ಥನೆಯಲ್ಲ, ಮಾತು. "ಇವತ್ತು ಕಾಲು ಬಾತಿದೆ ಕಣೇ. ಒಳಗೆ ಒದೀತು ನೋಡು. ಗಂಡು ಇರ್ಬೇಕು, ಅಪ್ಪನ ಥರಾನೇ ಹಟ." ಹೆಣ್ಣುಮಗು ಹುಟ್ಟಿತು, ಬದುಕಿತು. ಅಲ್ಲಿಂದ ಅದು ಪದ್ಧತಿಯೇ ಆಯಿತು. ಬಸುರಿಯರು ಫ್ಲಾಸ್ಕಿನಲ್ಲಿ ಬೆಚ್ಚಗಿನ ನೀರು ತಂದು, ಬೆರಳದ್ದಿ, ಕಿಟಕಿಯ ಕೆಳಗಿನ ಇಟ್ಟಿಗೆ ಮುಟ್ಟುವರು. ಆ ಇಟ್ಟಿಗೆಗಳು ಸವೆದು ಹೊಳೆಯತೊಡಗಿದವು. ಯಾರೋ ಮಂಡಿಯೂರುವ ಹಲಗೆ ತಂದಿಟ್ಟರು. ಎಂಬತ್ತರಲ್ಲಿ ಬಂದ ಫಾದರ್ ಬೊನಿಫಾಸಿ ದಪ್ಪನೆಯ, ಯಾರಿಗೂ ಇಲ್ಲವೆನ್ನಲಾರದ ಮನುಷ್ಯ. ಸೂಲಗಿತ್ತಿಯ ಮುಖವಿರುವ ಚೀಟಿಗಳನ್ನು ಅಚ್ಚುಹಾಕಿಸಿ ಹಂಚಿದರು. ಹೆರಿಗೆ ವಾರ್ಡಿನ ಪ್ರತಿ ಮಂಚದ ತಲೆದೆಸೆಯಲ್ಲೂ ಆ ಚೀಟಿ ಸಿಕ್ಕಿಸಿರುತ್ತಿತ್ತು.

ಒತಿಲಿಯಾ ಮಾತ್ರ ಆ ಕಡೆ ಸುಳಿಯುತ್ತಿರಲಿಲ್ಲ. ಪೂಜೆಗೆ ಬಂದರೆ ದಕ್ಷಿಣದ ಕಡೆ, ಕಂಬದ ಹಿಂದೆ ಕೂರುವಳು. ಯಾರಾದರೂ, "ಪಾನಿ ಒತಿಲಿಯಾ, ನಿಮ್ಮ ಕೈ ಬಂಗಾರದ್ದು, ನಮ್ಮ ಸೂಲಗಿತ್ತೀನ ಹೊರಗೆ ತಂದ್ರಿ" ಎಂದರೆ, ಮುಖ ಗಂಟಿಕ್ಕಿ, "ತೊಳೆದೆ, ಅಷ್ಟೇ" ಎನ್ನುವಳು. ಬಿಗುಮಾನ ಎಂದುಕೊಂಡರು ಜನ. ನಾನೂ ಹಾಗೇ ಅಂದುಕೊಂಡಿದ್ದೆ.

ಪಾನ್ ಹಿಲಾರಿ ಎಂಬತ್ತನಾಲ್ಕರಲ್ಲಿ ತೀರಿಕೊಂಡ ಮೇಲೆ ಕಾರ್ಯಾಗಾರದ ಹೊಣೆ ಅವಳಿಗೆ ಬಂತು. ಆಮೇಲೆ ಪ್ರತಿ ಸೆಪ್ಟೆಂಬರಿನ ತಪಾಸಣೆಯಲ್ಲಿ ಉತ್ತರದ ಕಿಟಕಿಗೆ ಅಟ್ಟಣಿಗೆ ಕಟ್ಟಿದಾಗ, ಮೊದಲು ಹತ್ತುವವಳು ಅವಳೇ. ನನ್ನನ್ನು ಕೆಳಗೇ ನಿಲ್ಲಿಸಿ ಕಾಲು ಗಂಟೆ ಒಬ್ಬಳೇ ಮೇಲಿದ್ದು ಬರುವಳು.

ತೊಂಬತ್ತೆಂಟರ ಸೆಪ್ಟೆಂಬರಿನಲ್ಲಿ ಆ ಕಾಲು ಗಂಟೆ ಒಂದು ಗಂಟೆಯಾಯಿತು. ಕೂಗಿದರೆ ಉತ್ತರವಿಲ್ಲ. ಅರವತ್ತರ ಹೆಂಗಸು, ತಲೆಸುತ್ತು ಬಂತೋ ಏನೋ ಎಂದು ನಾನು ಹತ್ತಿಹೋದೆ. ಅವಳು ಸೂಲಗಿತ್ತಿಯ ಎದುರು ಹಲಗೆಯ ಮೇಲೆ ಕಾಲು ಚಾಚಿ ಕೂತಿದ್ದಳು. ಮಡಿಲಲ್ಲಿ ಬಣ್ಣದ ಬಟ್ಟಲು. ಕೈಯಲ್ಲಿ ತೆಳ್ಳನೆಯ ಕುಂಚ, ಒಣಗಿದ ಕುಂಚ.

"ಇದೇನು ಪಾನಿ ಒತಿಲಿಯಾ?" ಅಂದೆ. ತಪಾಸಣೆಗೆ ಬಣ್ಣ ಬೇಕಿರಲಿಲ್ಲ.

"ನೋಡು ಇಲ್ಲಿ" ಎಂದು ಕುಂಚದ ತುದಿಯಿಂದ ತೋರಿಸಿದಳು. ಸೂಲಗಿತ್ತಿಯ ಎಡಹುಬ್ಬಿನ ಅರ್ಧ ಇರಲಿಲ್ಲ. ಕಪ್ಪು ಗೆರೆ ಸಿಪ್ಪೆಯ ಹಾಗೆ ಎದ್ದು ಉದುರಿತ್ತು.

"ಹೀಗೆಲ್ಲಾ ಏಳಲ್ಲವಲ್ಲ! ಇದು ಕುಲುಮೇಲಿ ಬೇಯಿಸಿದ ಬಣ್ಣ. ಗಾಜಿಗೇ ಹತ್ಕೊಂಡಿರತ್ತೆ."

"ಅವರು ಬರೆದಿದ್ದು ಹತ್ಕೊಂಡಿತ್ತು. ಇದು ನಾನು ಬರೆದದ್ದು ಕ್ಲೆಮೆನ್ಸ್. ಬೇಯಿಸಿಲ್ಲ."

ನನಗೆ ತಕ್ಷಣ ಅರ್ಥವಾಗಲಿಲ್ಲ. ಅವಳು ಬಟ್ಟಲನ್ನು ಪಕ್ಕಕ್ಕಿಟ್ಟು, ಗೋಡೆಗೆ ಒರಗಿ, ನೆಲದ ಕಡೆ ನೋಡುತ್ತ ಎಲ್ಲವನ್ನೂ ಹೇಳಿದಳು.

ಎಪ್ಪತ್ತೊಂದರ ಡಿಸೆಂಬರು. ಕ್ರಿಸ್ತಜನನದ ಕಿಟಕಿಯ ಗಾಜುಗಳನ್ನು ಸೀಸದಿಂದ ಬಿಡಿಸಿ ಒಂದೊಂದಾಗಿ ತೊಳೆಯುತ್ತಿದ್ದ ಕಾಲ. ಅವತ್ತು ಅವಳ ತಟ್ಟೆಯಲ್ಲಿ ಇದ್ದದ್ದು ಅಂಗೈಯಗಲದ ಒಂದು ತುಂಡು, ಸೂಲಗಿತ್ತಿಯ ತಲೆ. ತೊಗಟೆ ಮೆತ್ತಗಾಗಲು ಆ ದ್ರಾವಣದಲ್ಲಿ ಹತ್ತು ನಿಮಿಷ ಇಡಬೇಕು, ತೆಗೆದು ಉಜ್ಜಬೇಕು, ನೋಡಬೇಕು. ಹೊತ್ತು ಮೀರಿದರೆ ಅದು ಬೇಯಿಸಿದ ಬಣ್ಣವನ್ನೂ ತಿಂದುಹಾಕುತ್ತದೆ. ಅಷ್ಟರಲ್ಲಿ ಯಾರೋ ಬಾಗಿಲಿಗೆ ಬಂದು, ಚೌಕದ ಅಂಗಡಿಗೆ ಕಿತ್ತಳೆ ಬಂದಿದೆ ಎಂದು ಕೂಗಿ ಹೋದರು. ಆ ವರ್ಷಗಳಲ್ಲಿ ಕಿತ್ತಳೆ ಬರುತ್ತಿದ್ದದ್ದು ಕ್ರಿಸ್‌ಮಸ್ಸಿಗೆ ಒಂದು ಸಲ. ಬಂದ ಒಂದು ಗಂಟೆಯಲ್ಲಿ ಖಾಲಿ. ಮನೆಯಲ್ಲಿ ಅವಳ ತಾಯಿ ಮಲಗಿದ್ದಳು, ಎದ್ದೇಳುವ ಕಾಯಿಲೆಯಲ್ಲ. ಎರಡು ವಾರದಿಂದ ಒಂದೇ ಮಾತು: ಒಂದು ಕಿತ್ತಳೆ ತಿನ್ನಬೇಕು.

"ಹತ್ತು ನಿಮಿಷದಲ್ಲಿ ಬರ್ತೀನಿ ಅಂದ್ಕೊಂಡೆ. ಪಾನ್ ಹಿಲಾರಿನೂ ಹೋಗು ಹೋಗು, ನಂಗೂ ನಾಲ್ಕು ತಾ ಅಂದ್ರು. ತಟ್ಟೆ ನೋಡ್ಕೊಳ್ಳಿ ಅಂತ ಅವ್ರಿಗೆ ಹೇಳ್ದೆ. ಹೂಂ ಅಂದ್ರು. ಅವ್ರು ಫೋನಿಗೆ ಹೋದ್ರು. ಕ್ಯೂ ಉದ್ದ ಇತ್ತು. ಮಧ್ಯೆ ಬಿಟ್ಟು ಬರಕ್ಕೆ ಮನಸ್ಸಾಗ್ಲಿಲ್ಲ. ಐವತ್ತು ನಿಮಿಷ."

"ಬಂದು ನೋಡಿದ್ರೆ?"

"ತೊಗಟೆ ಹೋಗಿತ್ತು. ಅದರ ಜೊತೆ ಮುಖಾನೂ ಹೋಗಿತ್ತು. ಕಣ್ಣಿಲ್ಲ, ಬಾಯಿಲ್ಲ. ಬೋಳು ಗಾಜು. ಒಂದು ಸಲಾನೂ ನೋಡಿರ್ಲಿಲ್ಲ ಕಣೋ ನಾನು ಆ ಮುಖಾನ. ಯಾರೂ ನೋಡಿರ್ಲಿಲ್ಲ. ನಾನು ನೋಡೋಕ್ಕೆ ಮುಂಚೇನೇ ತೊಳೆದುಬಿಟ್ಟೆ."

ಮರುವಾರ ಮೇಲಿನ ಸಮಿತಿ ತಪಾಸಣೆಗೆ ಬರುವುದಿತ್ತು. ಪಾನ್ ಹಿಲಾರಿ ಹೆದರಿಹೋದರು. ಇಬ್ಬರ ಕೆಲಸವೂ ಹೋಗುತ್ತದೆ ಎಂದರು. ಆರುನೂರು ವರ್ಷದ ಗಾಜನ್ನು ಮತ್ತೆ ಕುಲುಮೆಗೆ ಹಾಕಿದರೆ ಸೀಳುತ್ತದೆ. ಹಾಗಾಗಿ ಹಸಿಬಣ್ಣದಲ್ಲೇ ಒಂದು ಮುಖ ಬರೆ, ಮೇಲೆ ವಾರ್ನಿಶ್ ಎಳೆ, ಇಪ್ಪತ್ತೈದು ಮೂವತ್ತು ವರ್ಷ ತಡೆಯುತ್ತದೆ, ಅಷ್ಟರಲ್ಲಿ ನಾನು ಮಣ್ಣಾಗಿರುತ್ತೇನೆ, ನೀನು ಕೆಲಸ ಬಿಟ್ಟಿರುತ್ತೀಯ ಎಂದರು. ಅವಳು ಬರೆದಳು. ಮಧ್ಯಾಹ್ನದ ಎರಡು ಗಂಟೆಯ ಕೆಲಸ. ಸಮಿತಿಯವರು ಬಂದು, ಎಲ್ಲಕ್ಕಿಂತ ಆ ಮುಖ ಚೆನ್ನಾಗಿ ಉಳಿದಿದೆ ಎಂದು ಬೆನ್ನು ತಟ್ಟಿ ಹೋದರು.

"ಅದು ಯಾರ ಮುಖ ಪಾನಿ ಒತಿಲಿಯಾ? ನಿಮ್ಮಮ್ಮಂದಾ?"

"ಯಾರದ್ದೂ ಅಲ್ಲ. ಕೈಗೆ ಏನು ಬಂತೋ ಅದು." ಆಮೇಲೆ ಹೇಳಿದಳು: "ಅಮ್ಮ ಅವತ್ತು ಸಂಜೆ ಕಿತ್ತಳೆ ತಿಂದ್ಲು. ಒಂದೊಂದು ತೊಳೇನೂ ಬೆಳಕಿಗೆ ಹಿಡಿದು ನೋಡಿ ತಿಂದ್ಲು. ಅದನ್ನ ನೋಡಿ ನಂಗೆ ಸಂತೋಷ ಆಯ್ತು ಕ್ಲೆಮೆನ್ಸ್. ಅಂಥ ದಿನ ಸಂತೋಷ ಆಯ್ತು. ಅದೇ ನಂಗೆ ನುಂಗಕ್ಕಾಗಲ್ಲ."

"ಪಾಪನಿವೇದನೆ ಮಾಡ್ಲಿಲ್ವಾ?"

ಅವಳಿಗೆ ನಗು ಬಂತು. "ಮಾಡ್ದೆ. ಇಲ್ಲಿ ಮಾಡಕ್ಕೆ ನಾಚಿಕೆ ಆಗಿ ದೋಣಿ ಹತ್ತಿ ಹೊಳೆಯಾಚೆ ಹಳ್ಳಿಗೆ ಹೋದೆ. ಅಲ್ಲಿದ್ದ ಫಾದರಿಗೆ ಕಿವಿ ಮಂದ. ನಾನು ಮುಖ ತೊಳೆದುಬಿಟ್ಟೆ ಸ್ವಾಮಿ ಅಂತ ಅತ್ತೆ. ಮುಖ ತೊಳ್ಕೊಳ್ಳೋದು ಪಾಪ ಅಲ್ಲಮ್ಮ, ಮೂರು ನಮೋ ಮರಿಯಾ ಹೇಳಿ ಹೋಗು ಅಂದ್ರು. ಇನ್ನೊಂದ್ಸಲ ಜೋರಾಗಿ ಹೇಳೋ ಧೈರ್ಯ ಬರ್ಲಿಲ್ಲ."

ನಾನೂ ನಕ್ಕೆ. ಆಮೇಲೆ ಇಬ್ಬರೂ ಆ ಅರ್ಧ ಹುಬ್ಬನ್ನು ನೋಡುತ್ತ ಕೂತೆವು. ನಾನೇ ಹೇಳಿದೆ, ಹೇಳಿದ್ದಕ್ಕೆ ಇವತ್ತಿಗೂ ನಾಚಿಕೆಯಿದೆ: "ಬಣ್ಣ ತಂದಿದ್ದೀರಲ್ಲ. ಎಳೆದುಬಿಡಿ ಒಂದು ಗೆರೆ. ನಾನು ಏನೂ ನೋಡಿಲ್ಲ."

ಅವಳು ಕುಂಚವನ್ನು ಡಬ್ಬಿಗೆ ಹಾಕಿ ಮುಚ್ಚಳ ಹಾಕಿದಳು. "ಒಂದ್ಸಲ ಮಾಡಿದ್ದು ಹೆದರಿಕೆಗೆ. ಎರಡನೇ ಸಲ ಮಾಡಿದ್ರೆ ಅದು ಕಸುಬು."

ಆದರೂ ಅವಳು ತಕ್ಷಣ ಯಾರಿಗೂ ಹೇಳಲಿಲ್ಲ. ಚಳಿಗಾಲ ಕಳೆಯಿತು. ಹೇಳುತ್ತೇನೆ, ಈಸ್ಟರ್ ಆಗಲಿ, ಎನ್ನುತ್ತಿದ್ದಳು. ಈಸ್ಟರಿಗೆ ಮುಂಚೆಯೇ ಸೂಲಗಿತ್ತಿ ಅತ್ತಳು.

ಅಂದರೆ, ಬಲಗಣ್ಣಿನ ಕೆಳಗೆ ವಾರ್ನಿಶ್ ಎದ್ದು ಒಂದು ಸಿಬುರು ಉದುರಿತು. ಆ ಜಾಗದಲ್ಲಿ ಬರಿ ಗಾಜಿನ ಬೆಳಕು ಸಣ್ಣ ಗೆರೆಯಾಗಿ ಕೆನ್ನೆಗಿಳಿಯಿತು. ಯಾರೋ ಮುದುಕಿ ಮೊದಲು ನೋಡಿದಳು. ಸಂಜೆಯೊಳಗೆ ಊರೆಲ್ಲ ಸುದ್ದಿ. ಆ ವಾರದಲ್ಲೇ ಹೊರಊರುಗಳಿಂದ ಬಸ್ಸುಗಳು ಬರತೊಡಗಿದವು. ಬಸಿರಿಳಿದ ಹೆಂಗಸರು, ಮಗು ಕಳೆದುಕೊಂಡವರು, ಮಕ್ಕಳಾಗದವರು ಸಾಲುಗಟ್ಟಿ ನಿಂತು ಅಳುತ್ತಿದ್ದರು. ನಮಗಾಗಿ ಅಳುತ್ತಿದ್ದಾಳೆ ಎಂದರು. ಫಾದರ್ ಬೊನಿಫಾಸಿ ಬೆವರೊರೆಸಿಕೊಳ್ಳುತ್ತ ಅತ್ತಿಂದಿತ್ತ ಓಡಾಡಿದರು. ಪವಾಡ ಎನ್ನಲೂ ಧೈರ್ಯವಿಲ್ಲ, ಅಲ್ಲವೆನ್ನಲೂ ಬಾಯಿ ಬಾರದು.

ಒಂದು ಮಂಗಳವಾರ ಒತಿಲಿಯಾ ಆ ಸಾಲನ್ನು ನೋಡಿದಳು. ಯಾರೋ ಎಳೆಯ ಹೆಂಗಸು, ಎದೆಹಾಲು ಅಂಗಿಗೆ ಇಳಿದು ಒದ್ದೆಯಾಗಿದೆ, ಕೈಯಲ್ಲಿ ಮಗುವಿಲ್ಲ, ಒಂದು ಮಗುವಿನ ಟೋಪಿ ಮಾತ್ರ ಇದೆ. ಅದನ್ನು ಇಟ್ಟಿಗೆಗೆ ಒತ್ತಿ ನಿಂತಿದ್ದಳು. ಒತಿಲಿಯಾ ನೇರವಾಗಿ ಫಾದರ್ ಮನೆಗೆ ಹೋದಳು. ಪಾಪನಿವೇದನೆಯಲ್ಲ ಇದು, ಅಡುಗೆಮನೆಯ ಮೇಜಿನ ಮುಂದೆ ಕೂತು ಹೇಳಿದಳು, ಏಕೆಂದರೆ ಗುಟ್ಟಾಗಿ ಉಳಿಯುವುದು ಅವಳಿಗೆ ಬೇಕಿರಲಿಲ್ಲ. ಫಾದರ್ ಹುಳಿ ಸಾರಿನ ಬಟ್ಟಲ ಮೇಲೆ ಚಮಚ ಹಿಡಿದೇ ಕೇಳಿದರಂತೆ. ಸಾರು ಕೆನೆಗಟ್ಟಿತು.

"ನಾನು ಬಿಷಪ್ಪರಿಗೆ ಬರೀತೀನಿ. ಅವರು ಮೆಲ್ಲಗೆ ಏನಾದ್ರೂ..."

"ಮೆಲ್ಲಗೆ ಬೇಡ ಫಾದರ್. ಮೆಲ್ಲಗೆ ಮಾಡಿ ಮಾಡೀನೇ ಇಷ್ಟಾಗಿದ್ದು. ಭಾನುವಾರ ಪೂಜೆ ಮುಗಿದ ಮೇಲೆ ಎರಡು ನಿಮಿಷ ಕೊಡಿ."

ಇಲ್ಲವೆನ್ನಲಾರದ ಮನುಷ್ಯ ಅಂದೆನಲ್ಲ. ಕೊಟ್ಟರು.

ಆ ಭಾನುವಾರ ಹತ್ತರ ಪೂಜೆ ಮುಗಿದು ಜನ ಎದ್ದೇಳುವಾಗ ಅವಳು ಕಿಟಕಿಯ ಕೆಳಗೆ ಹೋಗಿ ನಿಂತಳು. ಒಳ್ಳೆಯ ಕಂದು ಕೋಟು, ತಲೆಗೆ ವಸ್ತ್ರ. ದನಿ ಸಣ್ಣದಾಗಿತ್ತು, ಆದರೆ ಇಗರ್ಜಿಯಲ್ಲಿ ಒಂದು ಕೆಮ್ಮೂ ಇರಲಿಲ್ಲ. ಮುಖ ಅಳಿಸಿಹೋದದ್ದು, ಕಿತ್ತಳೆಯ ಕ್ಯೂ, ತಾನು ಬರೆದದ್ದು, ಈಗ ಉದುರುತ್ತಿರುವುದು ಕಣ್ಣೀರಲ್ಲ ವಾರ್ನಿಶ್ ಎಂಬುದು, ಎಲ್ಲವನ್ನೂ ಹೇಳಿದಳು. ಪಾನ್ ಹಿಲಾರಿಯ ಹೆಸರೆತ್ತಲಿಲ್ಲ. ಸತ್ತವನ ಮೇಲೆ ಹಾಕಿ ತಪ್ಪಿಸಿಕೊಂಡಳು ಅನ್ನಿಸಿಕೊಳ್ಳುವುದು ಅವಳಿಗೆ ಬೇಕಿರಲಿಲ್ಲ.

ಮೊದಲು ಎದ್ದವಳು ಗೆನೊವೆಫಾ.

"ಹಾಗಾದ್ರೆ ನಾನು ಇಷ್ಟು ವರ್ಷ ಯಾರ ಹತ್ರ ಮಾತಾಡ್ತಿದ್ದೆ? ನಿನ್ನ ಕುಂಚದ ಹತ್ರಾನಾ?"

"ಗೊತ್ತಿಲ್ಲ ಪಾನಿ ಗೆನೊವೆಫಾ. ಗೊತ್ತಿದ್ದಿದ್ರೆ ಹೇಳ್ತಿದ್ದೆ."

"ಗೊತ್ತಿಲ್ವಂತೆ! ದಿನಾ ನನ್ನ ಅಂಗಡೀಲಿ ರೊಟ್ಟಿ ತಗೊಂಡು ಹೋಗ್ತಿದ್ದೆ. ದಿನಾ ನನ್ನ ಮುಖ ನೋಡ್ತಿದ್ದೆ. ಒಳಗೊಳಗೇ ನಗ್ತಿದ್ಯಾ?"

"ಇಲ್ಲಮ್ಮಾ. ಹೆದರ್ತಿದ್ದೆ."

ಹಿಂದಿನಿಂದ ಯಾವಳೋ ಅಂದಳು, "ಹೆರದೋಳು ಸೂಲಗಿತ್ತಿ ಮುಖ ಬರೆದಳಂತೆ!" ಅದಕ್ಕೆ ಕೆಲವರು ನಕ್ಕರು. ಒತಿಲಿಯಾ ಆ ದನಿಯ ಕಡೆ ತಿರುಗಲೇ ಇಲ್ಲ. ನಾನು ಅವಳ ತೋಳು ಹಿಡಿದು ಪಕ್ಕದ ಬಾಗಿಲಿಂದ ಹೊರಗೆ ಕರೆತಂದೆ. ಮೆಟ್ಟಿಲ ಮೇಲೆ ಕೂತಳು. "ಹಗುರ ಆಗತ್ತೆ ಅಂತಾರಲ್ಲ, ಸುಳ್ಳು ಕಣೋ" ಅಂದಳು.

ಆ ಬೇಸಿಗೆ ಕೆಟ್ಟದಾಗಿ ಕಳೆಯಿತು. ಬೆಳಿಗ್ಗೆ ಬಾಗಿಲು ತೆಗೆದರೆ ಹೊಸ್ತಿಲ ಮೇಲೆ ಕಿತ್ತಳೆ ಸಿಪ್ಪೆ. ಬಸ್ಸಿನಲ್ಲಿ ಅವಳು ಕೂತ ಸೀಟಿನಿಂದ ಜನ ಏಳುತ್ತಿದ್ದರು. ಬೇಕರಿಗೆ ಹೋಗುವುದನ್ನು ಬಿಟ್ಟಳು. ನಾನೇ ರೊಟ್ಟಿ ಕೊಂಡು ಕೊಡುತ್ತಿದ್ದೆ. ಗೆನೊವೆಫಾಗೆ ಅದು ಗೊತ್ತಿತ್ತು. ಎರಡು ರೊಟ್ಟಿ ಕೇಳಿದರೆ ಒಂದನ್ನೇ ಕೊಟ್ಟು, "ನಿನ್ನ ಮನೇಲಿ ಇರೋದು ನೀನೊಬ್ಬನೇ ಅಲ್ವಾ?" ಎನ್ನುತ್ತಿದ್ದಳು. ನಾನು ಆ ಒಂದನ್ನೇ ಅರ್ಧ ಮಾಡುತ್ತಿದ್ದೆ. ಮೇಲಿನಿಂದ ಕಾಗದ ಬಂತು, ಒತಿಲಿಯಾ ಬೆಡ್ನಾಜ್ ಅವರ ಸೇವೆ ಇನ್ನು ಬೇಕಿಲ್ಲವೆಂದು. ನಿವೃತ್ತಿಯ ವಯಸ್ಸು ದಾಟಿದ್ದರಿಂದ ಶಿಕ್ಷೆ ಎನ್ನುವ ಮಾತು ಬಳಸಿರಲಿಲ್ಲ. ಹೋಗುವ ದಿನ ಅವಳು ಮೇಜಿನ ತನ್ನ ತುದಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ನೋಟುಪುಸ್ತಕಗಳನ್ನೆಲ್ಲ ಕಪಾಟಿನಲ್ಲಿ ಸಾಲಾಗಿಟ್ಟು ಹೋದಳು.

ಶರತ್ಕಾಲದಲ್ಲಿ ಕಿಟಕಿಯಿಂದ ಸೂಲಗಿತ್ತಿಯಿದ್ದ ಭಾಗವನ್ನು ಇಳಿಸಿದರು. ಅದನ್ನು ಸರಿಪಡಿಸಲು ತೊರೂನ್ ನಗರದಿಂದ ಬಂದವಳು ಮಲ್ವಿನಾ ಎಂಬ ತಜ್ಞೆ, ನಲವತ್ತರ ಆಸುಪಾಸು, ದೊಡ್ಡ ಕನ್ನಡಕ, ಕಡಿಮೆ ಮಾತು. ಅವಳು ಬಂದವಳೇ ಒತಿಲಿಯಾಳ ನೋಟುಪುಸ್ತಕಗಳನ್ನು ಓದಲು ಕೂತಳು. ಮೂರು ದಿನ ಓದಿದಳು. ನಾಲ್ಕನೆಯ ದಿನ ನನ್ನನ್ನು ಕೇಳಿದಳು:

"ಎಪ್ಪತ್ತೊಂದು ಡಿಸೆಂಬರ್ ಹದಿನಾರನೇ ತಾರೀಕು ಬಿಟ್ರೆ ಇವರು ಒಂದು ದಿನಾನೂ ಬರೀದೆ ಬಿಟ್ಟಿಲ್ಲ. ಅವತ್ತಿನ ಪುಟ ಖಾಲಿ ಬಿಟ್ಟಿದ್ದಾರೆ. ಅವರ ಮನೆ ಎಲ್ಲಿ?"

"ಅವರನ್ನ ಕರೆಯೋ ಹಾಗಿಲ್ಲ, ಪಾನಿ ಮಲ್ವಿನಾ. ಕಾಗದ ಬಂದಿದೆ."

"ಅವರು ಹಾಕಿದ ಬಣ್ಣದಲ್ಲಿ ಏನೇನು ಬೆರೆಸಿದ್ದಾರೆ ಅಂತ ಅವರಿಗೊಬ್ಬರಿಗೇ ಗೊತ್ತು. ಕರೀದೆ ಮುಟ್ಟಿದ್ರೆ ಕೆಳಗಿರೋದೂ ಹೋಗತ್ತೆ. ನನ್ನ ಹೆಸರು ಹೇಳಿ ಕರ್ಕೊಂಡ್ ಬನ್ನಿ."

"ಕೆಳಗೆ ಏನಿದೆ? ಬೋಳು ಗಾಜು."

"ನೋಡೋಣ" ಅಂದಳು ಮಲ್ವಿನಾ.

ಒತಿಲಿಯಾ ಬಂದಳು, ಅತಿಥಿಯ ಹಾಗೆ ಬಾಗಿಲಲ್ಲಿ ನಿಂತಳು. ಮಲ್ವಿನಾ ಅವಳಿಗೆ ತನ್ನ ಕುರ್ಚಿ ಬಿಟ್ಟುಕೊಟ್ಟು, ಹತ್ತಿ ಸುತ್ತಿದ ಕಡ್ಡಿಯನ್ನು ಕೈಗೆ ಕೊಟ್ಟಳು. "ನೀವೇ ತೆಗೀರಿ."

ಅವಳು ತನ್ನ ಕೈಯಾರೆ ಬರೆದ ಮುಖವನ್ನು ತನ್ನ ಕೈಯಾರೆ ಅಳಿಸಿದಳು. ಎರಡು ಗಂಟೆಯಲ್ಲಿ ಬರೆದದ್ದನ್ನು ಅಳಿಸಲು ಒಂಬತ್ತು ದಿನ ಹಿಡಿಯಿತು, ಸಾಸಿವೆ ಕಾಳಿನಷ್ಟು ಜಾಗ ಒಂದು ಸಲಕ್ಕೆ. ಕೊನೆಗೆ ಉಳಿದದ್ದು ತುಟಿ. ಅದನ್ನು ಒರೆಸುವ ಮುಂಚೆ ಸ್ವಲ್ಪ ಹೊತ್ತು ನೋಡಿದಳು. ಒರೆಸಿದಳು.

ಆಮೇಲೆ ಮಲ್ವಿನಾ ಪರದೆಗಳನ್ನೆಳೆದು ಕೋಣೆ ಕತ್ತಲು ಮಾಡಿ, ಗಾಜಿನ ಅಂಚಿನಿಂದ ಅಡ್ಡವಾಗಿ ಒಂದು ಸಣ್ಣ ದೀಪ ಹಿಡಿದಳು. ಗಾಜಿನ ಮೇಲೆ ಹಿಂದೆ ಬಣ್ಣವಿದ್ದ ಕಡೆ ಮಳೆಗಾಳಿ ಅಷ್ಟು ತಿಂದಿರುವುದಿಲ್ಲ. ಬಣ್ಣ ಹೋದರೂ ಆ ಜಾಗ ಕೂದಲೆಳೆಯಷ್ಟು ಎತ್ತರ ಉಳಿದಿರುತ್ತದೆ. ಅಡ್ಡ ಬೆಳಕಿಗೆ ಅದು ಕಂಡಿತು. ಉಗುರಿನಿಂದ ಗೀಚಿದಂಥ ಮಸುಕು ಗೆರೆಗಳು. ಒಂದು ಹುಬ್ಬು. ಮೂಗು. ಮಲ್ವಿನಾ ದೀಪವನ್ನು ಇನ್ನಷ್ಟು ಕೆಳಗಿಳಿಸಿದಳು.

"ಬಾಯಿ" ಅಂದಳು. "ತೆರೆದಿದೆ."

ಸೂಲಗಿತ್ತಿ ನಗುತ್ತಿರಲಿಲ್ಲ. ಕಣ್ಣು ತೊಟ್ಟಿಯ ಮೇಲಿರಲಿಲ್ಲ. ಹಾಸಿಗೆಯ ಕಡೆ, ತಾಯಿಯ ಕಡೆ ತಿರುಗಿತ್ತು. ಹುಬ್ಬು ಮೇಲೆದ್ದಿತ್ತು, ಬಾಯಿ ಅಗಲವಾಗಿ ತೆರೆದಿತ್ತು. ಏನನ್ನೋ ಕೂಗುತ್ತಿದ್ದಳು. ಒತಿಲಿಯಾ ಗಾಜಿಗೆ ಮೂಗು ತಾಗುವಷ್ಟು ಬಾಗಿದಳು. "ಇದ್ದೀಯಾ" ಅಂದಳು, ಅಷ್ಟೇ, ಬಾಗಿಲು ಬಡಿದು ಒಳಗೆ ಯಾರಾದರೂ ಇದ್ದಾರಾ ಎಂದು ಕೇಳುವವರ ಹಾಗೆ. ಆಮೇಲೆ ಅತ್ತಳು. ಅವಳ ಜೊತೆ ಅಷ್ಟು ವರ್ಷ ಕೂತ ನಾನು ಅವಳು ಅತ್ತದ್ದನ್ನು ನೋಡಿದ್ದು ಅದೊಂದೇ ಸಲ.

ಹಳೆಯ ಗಾಜನ್ನು ಇನ್ನು ಯಾರೂ ಮುಟ್ಟುವುದು ಬೇಡ ಎಂದಾಯಿತು. ಅದರ ಹಿಂದೆ ಕಾಗದದಷ್ಟು ತೆಳ್ಳನೆಯ ಹೊಸ ಗಾಜೊಂದನ್ನು ಕೂರಿಸಿ, ಆ ಮಸುಕು ಗೆರೆಗಳ ಮೇಲೆ ಸರಿಯಾಗಿ ಬರುವಂತೆ ಅದರಲ್ಲಿ ಮುಖ ಬರೆಯುವುದು. ಯಾವಾಗ ಬೇಕಾದರೂ ತೆಗೆದಿಡಬಹುದು. ಮಲ್ವಿನಾ ಬರೆದಳು. ಒತಿಲಿಯಾ ಪಕ್ಕದಲ್ಲಿ ಕೂತು, "ಗೆರೆ ದಪ್ಪ ಆಯ್ತು", "ಅಲ್ಲಿ ಇಲ್ಲದ್ದು ಹಾಕ್ಬೇಡಿ" ಎಂದು ತಲೆ ತಿಂದಳು.

ಮೇಲೇರಿಸುವ ಮುಂಚೆ ಫಾದರ್ ಬೊನಿಫಾಸಿ ಗೆನೊವೆಫಾಳನ್ನು ಕಾರ್ಯಾಗಾರಕ್ಕೆ ಕರೆತಂದರು. ಬರಲೊಲ್ಲೆ ಎಂದವಳನ್ನು ಹೇಗೆ ಒಪ್ಪಿಸಿದರೋ. ಒತಿಲಿಯಾ ಎದ್ದು ಗೋಡೆಯ ಪಕ್ಕಕ್ಕೆ ಸರಿದು ನಿಂತಳು. ಗೆನೊವೆಫಾ ಅವಳ ಕಡೆ ನೋಡದೆ, ಬೆಳಕಿನ ಮೇಜಿನ ಮೇಲಿದ್ದ ಮುಖವನ್ನು ಬಹಳ ಹೊತ್ತು ನೋಡಿದಳು.

"ಇವಳೇನು ಹೀಗೆ ಬಾಯಿ ಬಿಟ್ಕೊಂಡಿದ್ದಾಳೆ?"

"ಕೂಗ್ತಿದ್ದಾಳೆ ಅನ್ಸತ್ತೆ" ಅಂದಳು ಮಲ್ವಿನಾ.

"ಯಾರ ಮೇಲೆ? ಆ ಬಾಣಂತಿ ಮೇಲಾ?" ಗೆನೊವೆಫಾ ಮತ್ತೆ ನೋಡಿದಳು. ಮೂಗಿನಲ್ಲಿ ಸಣ್ಣ ಸದ್ದು ಮಾಡಿದಳು. "ಮಲಗಬೇಡವೇ, ಕಣ್ಣು ಬಿಡೇ ಅಂತಿದ್ದಾಳೆ. ನಂಗೂ ಹಾಗೇ ಕೂಗಿದ್ರು. ಹನ್ನೊಂದು ಗಂಟೆ ಹೊತ್ತು ಬೈದ್ಲು ಆ ನರ್ಸಮ್ಮ, ಹಂದಿ ಕತ್ತೆ ಅಂತ ಎಲ್ಲಾ ಬೈದ್ಲು. ಅವಳು ಬೈದೇ ಇದ್ದಿದ್ರೆ ನಾನು ಹೋಗಿಬಿಡ್ತಿದ್ದೆ." ಆಮೇಲೆ ಫಾದರ್ ಕಡೆ ತಿರುಗಿ, "ನಗ್ತಾ ನಿಂತಿರೋ ಸೂಲಗಿತ್ತೀನ ನಾನೆಲ್ಲೂ ನೋಡ್ಲಿಲ್ಲ, ಫಾದರ್. ನೀವು ಗಂಡಸರು, ನಿಮಗೇನು ಗೊತ್ತು" ಎಂದಳು.

ಫಾದರ್, "ಹೌದಮ್ಮ, ಹೌದು" ಅಂದರು. ಅವಳು ಹೊರಟುಹೋದಳು. ಒತಿಲಿಯಾಳಿಗೆ ಒಂದು ಮಾತೂ ಆಡಲಿಲ್ಲ.

ಎರಡು ಸಾವಿರದ ವಸಂತದಲ್ಲಿ ಕಿಟಕಿ ಮೇಲೇರಿತು. ಬಸ್ಸುಗಳು ಬರುವುದು ನಿಂತಿತು. ಹಳೆಯ ನಗುವೇ ಚೆನ್ನಾಗಿತ್ತು ಎನ್ನುವವರು ಈಗಲೂ ಇದ್ದಾರೆ. ಅವರ ಪರ್ಸುಗಳಲ್ಲಿ ಆ ಹಳೆಯ ಚೀಟಿ ಈಗಲೂ ಇದೆ. ಬಸುರಿಯರು ಮೊದಲಿನಷ್ಟಲ್ಲದಿದ್ದರೂ ಬರುತ್ತಾರೆ.

ಒತಿಲಿಯಾ ಸುಮ್ಮನೆ ಕೂರುವ ಹೆಂಗಸಲ್ಲ. ಹೊಳೆಯಾಚೆಯ ಹಳ್ಳಿಗಳ ಸಣ್ಣ ಇಗರ್ಜಿಗಳು ಅವಳನ್ನು ಕರೆಯತೊಡಗಿದವು. ನೂರು ವರ್ಷದ, ಯಾರೂ ಬೆಲೆ ಕೊಡದ ಸಾದಾ ಗಾಜುಗಳು. ಅವಳು ಸೈಕಲ್ಲಿನ ಹಿಂದೆ ಪೆಟ್ಟಿಗೆ ಕಟ್ಟಿಕೊಂಡು ಹೋಗಿ, ಒಡೆದದ್ದನ್ನು ಅಂಟಿಸಿ, ಆಲೂಗಡ್ಡೆ ಚೀಲವೋ ಜೇನಿನ ಡಬ್ಬಿಯೋ ಹೇರಿಕೊಂಡು ಬರುತ್ತಿದ್ದಳು. ಸೀಸದ ಕೆಲಸವಿದ್ದಾಗ ನಾನೂ ಜೊತೆಗೆ ಹೋಗುತ್ತಿದ್ದೆ. ಅಲ್ಲಿಯ ನೋಟುಪುಸ್ತಕಗಳನ್ನೂ ಬರೆದಳು, ಕೇಳುವವರು ಯಾರೂ ಇಲ್ಲದಿದ್ದರೂ.

ನಾಲ್ಕು ವರ್ಷದ ನಂತರ ಒಂದು ನವೆಂಬರಿನಲ್ಲಿ ನಾವಿಬ್ಬರೂ ಆಸ್ಪತ್ರೆಯ ಎದುರಿನ ಬಸ್ ನಿಲ್ದಾಣದಲ್ಲಿ ಕಾಯುತ್ತಿದ್ದೆವು. ಅವಳ ಮಂಡಿಗೆ ಸೂಜಿ ಹಾಕಿಸಿಕೊಂಡು ಬಂದಿದ್ದೆವು. ಗೆನೊವೆಫಾ ಕೋಲೂರಿಕೊಂಡು ಬಂದಳು. ಬೆಂಚಿನಲ್ಲಿ ಜಾಗವಿದ್ದದ್ದು ಒತಿಲಿಯಾಳ ಪಕ್ಕದಲ್ಲಿ ಮಾತ್ರ. ಸ್ವಲ್ಪ ಹೊತ್ತು ನಿಂತೇ ಇದ್ದಳು, ಆಮೇಲೆ ನೋವು ತಡೆಯಲಾರದೆ ಕೂತಳು.

"ಯಾವ ಮಂಡಿ?" ಎಂದು ಕೇಳಿದಳು, ಎದುರಿಗೆ ನೋಡುತ್ತಲೇ.

"ಎಡದ್ದು" ಅಂದಳು ಒತಿಲಿಯಾ. "ನಿಮ್ಮದು?"

"ಎರಡೂ. ಐವತ್ತು ವರ್ಷ ಒಲೆ ಮುಂದೆ ನಿಂತ ಮಂಡಿ. ಆ ಡಾಕ್ಟರು ಕೊಡೋ ಸೂಜಿ ನೀರು ಕಣಮ್ಮ, ಬರೀ ನೀರು. ಎಲೆಕೋಸಿನ ಎಲೆ ಜಜ್ಜಿ ಕಟ್ಟು."

"ಕಟ್ದೆ. ಮನೆಯೆಲ್ಲಾ ನಾತ."

"ನಾತ ಬಂದ್ರೆ ಬರ್ಲಿ. ನಿನ್ನ ಮನೆಗೆ ಯಾರು ಬರ್ತಾರೆ, ಈ ಕ್ಲೆಮೆನ್ಸ್ ಬಿಟ್ರೆ?"

ಬಸ್ಸು ಬರುವವರೆಗೂ ಮಂಡಿಯ ಮಾತೇ ಆಯಿತು. ಆಮೇಲೆ ಒತಿಲಿಯಾ ಬದುಕಿದ್ದ ಆರು ವರ್ಷವೂ ಅವರಿಬ್ಬರು ಸಿಕ್ಕಾಗಲೆಲ್ಲ ಆಡಿದ್ದು ಅದೊಂದೇ ವಿಷಯ, ಎಂದೂ ಬೇರೆ ಮಾತೆತ್ತಲಿಲ್ಲ. ಎರಡು ಸಾವಿರದ ಹನ್ನೊಂದರ ಫೆಬ್ರವರಿಯಲ್ಲಿ ಅವಳು ತೀರಿಕೊಂಡಾಗ ನೆಲ ಹೆಪ್ಪುಗಟ್ಟಿ, ಗುಂಡಿ ತೋಡಲು ಇಡೀ ದಿನ ಬೇಕಾಯಿತು. ಹೊಳೆಯಾಚೆಯ ಹಳ್ಳಿಯವರು ಹಿಮದ ಮೇಲೆ ನಡೆದು ಬಂದಿದ್ದರು. ಗೆನೊವೆಫಾ ಎರಡು ಕೋಲೂರಿಕೊಂಡು ಗುಡ್ಡ ಹತ್ತಿ ಬಂದಳು, ಕೊನೆಯವರೆಗೂ ನಿಂತಳು, ಯಾರು ಕುರ್ಚಿ ಕೊಟ್ಟರೂ ಕೂರಲಿಲ್ಲ.